ಗುಮ್ಮನ ಭಯ, ಮುಪ್ಪಿನ ಭಯ ಮತ್ತು ಅಭಯದಾನ

ಮನುಷ್ಯನ ಆಯುಷ್ಯದಲ್ಲಿ ಭಯವು ಎರಡು ಕಾಲಗಳಲ್ಲಿ ಹೆಚ್ಚಾಗಿ ಕಾಡುತ್ತದೆ. ಒಂದು ಬಾಲ್ಯ, ಮತ್ತೊಂದು ಮುಪ್ಪು. ನಡುವಿನ ಪ್ರಾಯದಲ್ಲಿಯೂ ಭಯ ಇದ್ದೇ ಇರುತ್ತದೆ; ದುಡಿಮೆ, ವ್ಯಾಪಾರ, ಸಂಸಾರಗಳ ಗಡಿಬಿಡಿಯಲ್ಲಿ ಅದರ ಸದ್ದು ಕಿವಿಗೆ ಬೀಳುವುದಿಲ್ಲ, ಅಷ್ಟೆ. ಅಂಗಡಿಗಳೆಲ್ಲ ಬಾಗಿಲು ಹಾಕಿದ ಮೇಲೆ ಪೇಟೆಯ ಬೀದಿಯಲ್ಲಿ ದೂರದ ಸದ್ದೂ ಸ್ಪಷ್ಟವಾಗಿ ಕೇಳುವಂತೆ, ಜವಾಬ್ದಾರಿಗಳು ಕಳೆದ ಮೇಲೆ ಒಳಗಿನ ಭಯಗಳು ಒಂದೊಂದಾಗಿ ಕೇಳಿಸತೊಡಗುತ್ತವೆ.

ಮಗು ಉಣ್ಣಲು ಹಟ ಹಿಡಿದರೆ ‘ಗುಮ್ಮ ಬರ್ತಾನೆ’ ಎನ್ನುವುದು ಕನ್ನಡ ನಾಡಿನ ಮನೆಮನೆಯ ಮಾತು. ಗುಮ್ಮನ ರೂಪ ಹೇಗೆಂದು ಹೇಳಿದವರಿಗೂ ತಿಳಿಯದು, ಕೇಳಿದವರಿಗೂ ತಿಳಿಯದು. ಆದರೂ ಮಗು ಹೆದರಿ ತುತ್ತು ನುಂಗುತ್ತದೆ. ಅದೇ ಮಗು ಬೆಳೆದು, ಮದುವೆಯಾಗಿ, ಮಕ್ಕಳನ್ನು ಸಾಕಿ, ಎಪ್ಪತ್ತು ದಾಟಿದ ಮೇಲೆ ರಾತ್ರಿ ಎರಡು ಗಂಟೆಗೆ ಎಚ್ಚರಗೊಂಡು ಸೂರು ನೋಡುತ್ತ ಮಲಗಿರುತ್ತದೆ. ಈಗಲೂ ಎದುರಿಗಿರುವುದು ರೂಪವಿಲ್ಲದ ಒಂದು ಗುಮ್ಮನೇ. ಹಾಸಿಗೆ ಹಿಡಿದರೆ ನೋಡುವವರು ಯಾರು? ಮಗನ ವ್ಯವಹಾರ ನಿಲ್ಲುವುದೇ? ನನ್ನ ಮಾತಿಗೆ ಮನೆಯಲ್ಲಿ ಬೆಲೆ ಉಳಿದಿದೆಯೇ? ಬಾಲ್ಯದಲ್ಲಾದರೆ ಅತ್ತು ಅಮ್ಮನ ಸೆರಗು ಹಿಡಿಯಬಹುದಿತ್ತು. ಮುಪ್ಪಿನಲ್ಲಿ ಅಳಲು ನಾಚಿಕೆ, ಹಿಡಿಯಲು ಸೆರಗಿಲ್ಲ.

ಆವರಗೆರೆಯಂಥ ಊರಿನಲ್ಲಿ ಈ ಎರಡೂ ಕಾಲಗಳು ಒಂದೇ ಮನೆಯಲ್ಲಿ ಕಾಣಸಿಗುತ್ತವೆ. ಒಂದು ಕಾಲಕ್ಕೆ ದಾವಣಗೆರೆಯ ಹೊರಗಿನ ಹಳ್ಳಿಯಾಗಿದ್ದ, ಹೆಸರಿನಲ್ಲೇ ಕೆರೆಯನ್ನು ಇಟ್ಟುಕೊಂಡಿರುವ ಈ ಊರು ಇಂದು ನಗರದೊಳಗೆ ಸೇರಿಹೋಗಿದೆ. ಲಾಟೀನು ಬೆಳಕಿನಲ್ಲಿ ಬೆಳೆದ ಅಜ್ಜ ಅಜ್ಜಿಯರು, ರಾತ್ರಿಯಿಡೀ ಬೀದಿದೀಪ ಉರಿಯುವ ಓಣಿಯಲ್ಲಿ ಮೊಮ್ಮಕ್ಕಳೊಡನೆ ವಾಸವಾಗಿದ್ದಾರೆ. ಬೀದಿಯ ಕತ್ತಲೆ ಹೋಯಿತು. ಮೊಮ್ಮಗನ ಭಯವೂ ಹೋಗಲಿಲ್ಲ, ಅಜ್ಜನ ಭಯವೂ ಹೋಗಲಿಲ್ಲ. ಹಾಗಾದರೆ ಭಯದ ನೆಲೆ ಹೊರಗಿನ ಕತ್ತಲೆಯಲ್ಲಿ ಇರಲಿಲ್ಲವೆಂದಾಯಿತು. ಅದರ ನೆಲೆ ಎಲ್ಲಿ ಎಂಬುದನ್ನು ಜೈನಾಚಾರ್ಯರು ಬಹಳ ಸೂಕ್ಷ್ಮವಾಗಿ ವಿಚಾರಿಸಿದ್ದಾರೆ.

ಭಯದ ನಾಲ್ಕು ಬೇರುಗಳು

ಜೈನ ಕರ್ಮಸಿದ್ಧಾಂತವು ಭಯವನ್ನು ಒಂಬತ್ತು ನೋಕಷಾಯಗಳಲ್ಲಿ ಒಂದೆಂದು ಎಣಿಸುತ್ತದೆ. ಕ್ರೋಧ, ಮಾನ, ಮಾಯಾ, ಲೋಭಗಳೆಂಬ ಕಷಾಯಗಳಿಗೆ ಜೊತೆಯಾಗಿ ನಿಂತು ಆತ್ಮವನ್ನು ಕಲಕುವ ಉಪಭಾವಗಳಿವು. ನಗು, ಅಳಲು, ಇಷ್ಟಾನಿಷ್ಟಗಳ ಸಾಲಿನಲ್ಲೇ ಭಯವೂ ಇದೆ. ಇದು ಮೋಹನೀಯ ಕರ್ಮದ ಫಲ. ಅಲ್ಲದೆ ಆಹಾರ, ಭಯ, ಮೈಥುನ, ಪರಿಗ್ರಹ ಎಂಬ ನಾಲ್ಕು ಸಂಜ್ಞೆಗಳು ಎಲ್ಲ ಸಂಸಾರಿ ಜೀವಿಗಳಿಗೂ ಸಾಮಾನ್ಯವೆಂದು ಆಗಮಗಳು ಹೇಳುತ್ತವೆ. ಆದುದರಿಂದ ಹೆದರುವ ಮಗುವನ್ನು ‘ಪುಕ್ಕಲ’ ಎಂದು ಹೀಯಾಳಿಸುವುದಕ್ಕೂ, ಹೆದರುವ ಹಿರಿಯರನ್ನು ‘ಅರುಳು ಮರುಳು’ ಎಂದು ತಳ್ಳಿಹಾಕುವುದಕ್ಕೂ ಶಾಸ್ತ್ರದ ಒಪ್ಪಿಗೆ ಇಲ್ಲ. ಇರುವೆಗೂ ಇರುವ ಭಾವ ಅದು.

ಭಯಸಂಜ್ಞೆ ಏಳಲು ನಾಲ್ಕು ಕಾರಣಗಳನ್ನು ಹೇಳಲಾಗಿದೆ. ಮೊದಲನೆಯದು ಶಕ್ತಿ ಕುಂದಿರುವುದು, ಅಂದರೆ ಹೀನಸತ್ವ. ಎರಡನೆಯದು ಭಯ ಮೋಹನೀಯ ಕರ್ಮದ ಉದಯ. ಮೂರನೆಯದು ಭಯ ಹುಟ್ಟಿಸುವುದನ್ನು ನೋಡುವುದು, ಕೇಳುವುದು. ನಾಲ್ಕನೆಯದು ಅದನ್ನೇ ಮತ್ತೆ ಮತ್ತೆ ಚಿಂತಿಸುವುದು. ಈ ನಾಲ್ಕನ್ನು ಕ್ರಮವಾಗಿ ನೋಡಿದರೆ ಬಾಲ್ಯ ಮತ್ತು ಮುಪ್ಪುಗಳು ಭಯಕ್ಕೆ ಏಕೆ ಸುಲಭವಾಗಿ ಸಿಗುತ್ತವೆ ಎಂಬುದು ತಾನೇ ತಿಳಿಯುತ್ತದೆ. ಮಗುವಿಗೆ ಶಕ್ತಿ ಇನ್ನೂ ಬಂದಿಲ್ಲ, ಮುದುಕರಿಗೆ ಇದ್ದ ಶಕ್ತಿ ಇಳಿದಿದೆ. ಮಗು ಗುಮ್ಮನ ಕಥೆ ಕೇಳುತ್ತದೆ. ಹಿರಿಯರು ಬೆಳಗಿನಿಂದ ರಾತ್ರಿಯವರೆಗೆ ಟಿವಿಯಲ್ಲಿ ಅಪಘಾತ, ಕಳ್ಳತನ, ರೋಗಗಳ ಸುದ್ದಿ ಕೇಳುತ್ತಾರೆ. ಕೇಳಿದ್ದನ್ನು ಇಬ್ಬರೂ ಕಣ್ಣು ಮುಚ್ಚಿ ನೆನೆಯುತ್ತಾರೆ.

ಈ ನಾಲ್ಕರಲ್ಲಿ ಶಕ್ತಿ ಕುಂದುವುದನ್ನು ಯಾರೂ ತಡೆಯಲಾರರು. ಕರ್ಮದ ಉದಯವೂ ಕೂಡಲೇ ಕೈಗೆ ಸಿಗುವಂಥದಲ್ಲ. ಆದರೆ ಏನನ್ನು ಕೇಳಬೇಕು, ಏನನ್ನು ಚಿಂತಿಸಬೇಕು ಎಂಬ ಉಳಿದೆರಡು ಮನುಷ್ಯನ ಕೈಯಲ್ಲೇ ಇವೆ. ಮಲಗುವ ಮುನ್ನ ಮಗುವಿಗೆ ಣಮೋಕಾರ ಮಂತ್ರ ಹೇಳಿಕೊಡುವ ಪದ್ಧತಿಯ ಹಿಂದೆ ಈ ತಿಳಿವಳಿಕೆ ಇದೆ. ಕಿವಿಗೆ ಬೀಳುವ ಕೊನೆಯ ಮಾತು ಗುಮ್ಮನದಾಗದೆ ಪಂಚಪರಮೇಷ್ಠಿಗಳದಾದರೆ, ಚಿಂತನೆಯೂ ಆ ಕಡೆಗೇ ಹರಿಯುತ್ತದೆ.

ಏಳು ಭಯಗಳು, ಒಂದು ಮನೆ

ಭಯವನ್ನು ಏಳು ಬಗೆಯಾಗಿ ಎಣಿಸುವ ಪರಂಪರೆ ದಿಗಂಬರ ಮತ್ತು ಶ್ವೇತಾಂಬರ ಎರಡರಲ್ಲಿಯೂ ಇದೆ. ಹೆಸರುಗಳಲ್ಲಿ ಅಲ್ಪಸ್ವಲ್ಪ ವ್ಯತ್ಯಾಸ. ಇಹಲೋಕ ಭಯ, ಪರಲೋಕ ಭಯ, ವೇದನಾ ಭಯ, ಅತ್ರಾಣ ಭಯ, ಅಗುಪ್ತಿ ಭಯ, ಮರಣ ಭಯ, ಆಕಸ್ಮಿಕ ಭಯ ಎಂಬುದು ಒಂದು ಪಟ್ಟಿ. ಗ್ರಂಥದಲ್ಲಿ ಇವು ಪಾರಿಭಾಷಿಕ ಪದಗಳು. ಆದರೆ ವಯಸ್ಸಾದವರ ಒಂದು ದಿನವನ್ನು ಗಮನಿಸಿದರೆ ಏಳೂ ಅಲ್ಲಿಯೇ ಓಡಾಡುತ್ತಿರುತ್ತವೆ.

ಕೂಡಿಟ್ಟ ಹಣ ಕೊನೆಯವರೆಗೆ ಸಾಲುವುದೇ ಎಂಬ ಲೆಕ್ಕ ಇಹಲೋಕ ಭಯ. ಮಾಡಿದ ತಪ್ಪುಗಳ ಫಲ ಮುಂದೆ ಹೇಗೋ ಎಂಬ ಅಳುಕು ಪರಲೋಕ ಭಯ. ಮೊಣಕಾಲಿನ ನೋವು ಇನ್ನೂ ಹೆಚ್ಚಾದರೆ ಎಂಬುದು ವೇದನಾ ಭಯ. ಕಾಯುವವರು ಯಾರೂ ಇಲ್ಲವೆಂಬುದು ಅತ್ರಾಣ ಭಯ. ಬಾಗಿಲ ಚಿಲಕವನ್ನು ಮೂರು ಸಲ ಎಳೆದು ನೋಡಿಸುವುದು ಅಗುಪ್ತಿ ಭಯ. ಹೊತ್ತಲ್ಲದ ಹೊತ್ತಿನಲ್ಲಿ ಫೋನು ಸದ್ದು ಮಾಡಿದರೆ ಎದೆ ಧಸಕ್ಕೆನ್ನುವುದು ಆಕಸ್ಮಿಕ ಭಯ. ಇವೆಲ್ಲದರ ತಳದಲ್ಲಿ ಕುಳಿತಿರುವುದು ಮರಣ ಭಯ.

ಸಮ್ಯಗ್ದೃಷ್ಟಿಯಾದವನು ನಿಶ್ಶಂಕನಾದುದರಿಂದ ಈ ಏಳು ಭಯಗಳಿಂದ ಬಿಡುಗಡೆ ಹೊಂದಿರುತ್ತಾನೆ ಎಂಬುದು ಸಮಯಸಾರದಲ್ಲಿ ಕುಂದಕುಂದಾಚಾರ್ಯರು ನೀಡಿದ ತಿಳಿವು. ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಆಚಾರ್ಯರು ಭಯಕ್ಕೆ ಮದ್ದಾಗಿ ಧೈರ್ಯವನ್ನು ಹೇಳುವುದಿಲ್ಲ, ಶಂಕೆಯಿಲ್ಲದ ತಿಳಿವನ್ನು ಹೇಳುತ್ತಾರೆ. ತೋಳಿನ ಬಲದಿಂದ ಬಂದ ಧೈರ್ಯ ತೋಳು ಸೋತಾಗ ಸೋಲುತ್ತದೆ. ದೇಹ ಬೇರೆ, ಅದನ್ನು ಅರಿಯುವ ಆತ್ಮ ಬೇರೆ ಎಂಬ ತಿಳಿವಿಗೆ ವಯಸ್ಸಾಗುವುದಿಲ್ಲ.

‘ನಾಳೆ ಬಾ’

1990ರ ದಶಕದಲ್ಲಿ ಕರ್ನಾಟಕದ ಅನೇಕ ಊರುಗಳ ಮನೆಬಾಗಿಲ ಮೇಲೆ ‘ನಾಳೆ ಬಾ’ ಎಂಬ ಬರಹ ಕಾಣಿಸಿಕೊಂಡಿತ್ತು. ರಾತ್ರಿ ದೆವ್ವವೊಂದು ಬಂದು, ಮನೆಯವರ ದನಿಯಲ್ಲೇ ಕರೆದು ಬಾಗಿಲು ಬಡಿಯುತ್ತದೆ ಎಂಬ ವದಂತಿ ಹಬ್ಬಿತ್ತು. ಬಾಗಿಲ ಮೇಲಿನ ಬರಹ ಓದಿ ಅದು ಹಿಂದಿರುಗುತ್ತದೆ, ಮರುದಿನವೂ ಬಂದು ಅದನ್ನೇ ಓದುತ್ತದೆ ಎಂಬುದು ಜನರ ನಂಬಿಕೆ. ಅಂದು ಆ ಬರಹವನ್ನು ಕಂಡು ಹೊದಿಕೆಯೊಳಗೆ ಮುದುಡಿ ಮಲಗಿದ ಮಕ್ಕಳು ಇಂದು ನಡುವಯಸ್ಸು ಮುಟ್ಟಿದ್ದಾರೆ. ನೆನೆದರೆ ಅವರಿಗೇ ನಗು ಬರುತ್ತದೆ.

ಆದರೆ ಆ ಬರಹ ಬಾಗಿಲಿನಿಂದ ಅಳಿಸಿಹೋದರೂ ಮನಸ್ಸಿನಿಂದ ಅಳಿದಿಲ್ಲ. ಮುಪ್ಪಿಗೆ ‘ನಾಳೆ ಬಾ’, ರೋಗಕ್ಕೆ ‘ನಾಳೆ ಬಾ’, ಸಾವಿಗೆ ‘ನಾಳೆ ಬಾ’ ಎಂದು ಮನುಷ್ಯ ಬರೆಯುತ್ತಲೇ ಇದ್ದಾನೆ. ಅವು ಓದಿ ಹಿಂದಿರುಗುವುದಿಲ್ಲ. ವಿಪರ್ಯಾಸವೆಂದರೆ ಅದೇ ಬರಹವನ್ನು ಧರ್ಮಕ್ಕೂ ತೋರಿಸಲಾಗುತ್ತದೆ. ಸಾಮಾಯಿಕಕ್ಕೆ ನಾಳೆ, ಸ್ವಾಧ್ಯಾಯಕ್ಕೆ ನಿವೃತ್ತಿಯ ನಂತರ, ಮನಸ್ತಾಪವಾದ ತಮ್ಮನ ಬಳಿ ಕ್ಷಮೆ ಕೇಳುವುದಕ್ಕೆ ಮುಂದಿನ ಸಂವತ್ಸರಿ. ಓದಿ ಹಿಂದಿರುಗುವುದು ಧರ್ಮವೊಂದೇ.

ದಶವೈಕಾಲಿಕ ಸೂತ್ರವು ಈ ವಿಷಯದಲ್ಲಿ ನೇರವಾಗಿ ಎಚ್ಚರಿಸುತ್ತದೆ: ಮುಪ್ಪು ಪೀಡಿಸುವ ಮೊದಲು, ವ್ಯಾಧಿ ಬೆಳೆಯುವ ಮೊದಲು, ಇಂದ್ರಿಯಗಳು ಕುಂದುವ ಮೊದಲು ಧರ್ಮವನ್ನು ಆಚರಿಸಬೇಕೆಂಬುದು ಅದರ ಉಪದೇಶ. ಉತ್ತರಾಧ್ಯಯನ ಸೂತ್ರದ ಹತ್ತನೆಯ ಅಧ್ಯಾಯದಲ್ಲಿ ಭಗವಾನ್ ಮಹಾವೀರರು ಗೌತಮ ಗಣಧರರಿಗೆ ಮನುಷ್ಯನ ಬಾಳನ್ನು ಹಣ್ಣೆಲೆಗೆ ಹೋಲಿಸಿ ತೋರಿಸುತ್ತಾರೆ. ಕೂದಲು ನರೆಯುತ್ತದೆ, ಕಿವಿಯ ಬಲ, ಕಣ್ಣಿನ ಬಲ, ಮೂಗು ನಾಲಗೆಗಳ ಬಲ, ಚರ್ಮದ ಬಲ ಒಂದೊಂದಾಗಿ ಇಳಿಯುತ್ತವೆ, ಆದುದರಿಂದ ಒಂದು ಕ್ಷಣವೂ ಪ್ರಮಾದ ಬೇಡ ಎಂಬುದು ಅಲ್ಲಿ ಮತ್ತೆ ಮತ್ತೆ ಬರುವ ಬೋಧೆ. ಇದರಲ್ಲಿ ಹೆದರಿಸುವ ಮಾತಿಲ್ಲ. ಹಣ್ಣೆಲೆ ಉದುರುವುದು ಮರಕ್ಕೆ ಬಂದ ವಿಪತ್ತಲ್ಲ, ಎಲೆಯ ಸ್ವಭಾವ. ಸ್ವಭಾವವೆಂದು ಅರಿತದ್ದು ಹೆದರಿಸುವುದಿಲ್ಲ. ಅನ್ಯಾಯವೆಂದು ತಿಳಿದದ್ದು ಹೆದರಿಸುತ್ತದೆ.

ಕಾಯುವವರು ಯಾರು?

ಏಳರಲ್ಲಿ ಮುಪ್ಪನ್ನು ಹೆಚ್ಚು ಬಾಧಿಸುವುದು ಅತ್ರಾಣ ಭಯ, ಅಂದರೆ ತನಗೆ ರಕ್ಷಕರಿಲ್ಲವೆಂಬ ಭಯ. ಉತ್ತರಾಧ್ಯಯನದಲ್ಲೇ ಬರುವ ಅನಾಥಿ ಮುನಿಯ ಪ್ರಸಂಗ ಇದಕ್ಕೆ ಸಂಬಂಧಿಸಿದ್ದು. ಮಗಧದ ದೊರೆ ಶ್ರೇಣಿಕ ಉದ್ಯಾನದಲ್ಲಿ ಮರದಡಿ ಕುಳಿತ ತರುಣ ಮುನಿಯನ್ನು ಕಂಡು, ಈ ವಯಸ್ಸಿನಲ್ಲಿ ಸನ್ಯಾಸವೇಕೆ ಎಂದು ಕೇಳಿದ. ತಾನು ಅನಾಥನೆಂದು ಮುನಿ ಉತ್ತರಿಸಿದರು. ಹಾಗಾದರೆ ತಾನೇ ನಾಥನಾಗುವೆನೆಂದು ದೊರೆ ಮುಂದಾದಾಗ, ಸ್ವತಃ ಅನಾಥನಾದವನು ಇನ್ನೊಬ್ಬರಿಗೆ ನಾಥನಾಗುವುದೆಂತು ಎಂದು ಮುನಿ ಪ್ರಶ್ನಿಸಿದರು. ಆನೆ, ಕುದುರೆ, ಪಟ್ಟಣ, ಅಂತಃಪುರಗಳಿರುವ ತನ್ನನ್ನು ಅನಾಥನೆಂದ ಮಾತು ಕೇಳಿ ಶ್ರೇಣಿಕ ಬೆರಗಾದ.

ಆಗ ಮುನಿ ತಮ್ಮ ಕಥೆ ಹೇಳಿದರು. ಕೌಶಾಂಬಿಯ ಸಿರಿವಂತನ ಮಗನಾಗಿದ್ದ ಅವರಿಗೆ ತಾರುಣ್ಯದಲ್ಲಿ ಕಣ್ಣಿನ ಬೇನೆ ಬಂತು, ಮೈಯೆಲ್ಲ ಉರಿ. ವೈದ್ಯರು ಬಂದರು, ತಂದೆ ಇದ್ದದ್ದನ್ನೆಲ್ಲ ಕೊಡಲು ಸಿದ್ಧರಾದರು, ತಾಯಿ ಮರುಗಿದಳು, ಅಣ್ಣ ತಮ್ಮಂದಿರು, ಅಕ್ಕ ತಂಗಿಯರು ಸುತ್ತ ನಿಂತರು, ಮಡದಿ ಅನ್ನ ನೀರು ಬಿಟ್ಟು ಹಾಸಿಗೆಯ ಬಳಿಯಿಂದ ಕದಲಲಿಲ್ಲ. ಆದರೂ ಒಬ್ಬರಿಂದಲೂ ಆ ನೋವನ್ನು ಒಂದಿಷ್ಟೂ ಹಂಚಿಕೊಳ್ಳಲಾಗಲಿಲ್ಲ. ಇದುವೇ ತನ್ನ ಅನಾಥತೆ ಎಂದು ಅವರಿಗೆ ಅರಿವಾಯಿತು. ನೋವು ನೀಗಿದರೆ ದೀಕ್ಷೆ ತೊಡುವೆನೆಂದು ಸಂಕಲ್ಪಿಸಿ ಮಲಗಿದರು. ಇರುಳು ಕಳೆದಂತೆ ಬೇನೆಯೂ ಕಳೆಯಿತು.

ಈ ಕಥೆಯಲ್ಲಿ ಬಂಧುಗಳ ಮೇಲೆ ಒಂದು ದೂರೂ ಇಲ್ಲವೆಂಬುದು ಮುಖ್ಯ. ಅವರೆಲ್ಲ ಪ್ರೀತಿಯುಳ್ಳವರೇ. ಪ್ರೀತಿಯು ಹಾಸಿಗೆಯ ಅಂಚಿನವರೆಗೆ ಬರಬಲ್ಲದು. ನೋವಿನ ಒಳಗೆ ಬರಲಾರದು. ಇದನ್ನು ಅರಿಯದ ಹಿರಿಯರು, ಮಗ ಹತ್ತಿರ ಕೂರಲಿಲ್ಲ, ಸೊಸೆ ವಿಚಾರಿಸಲಿಲ್ಲ ಎಂದು ನೊಂದು, ತಮ್ಮ ನೋವಿಗೆ ದ್ವೇಷವನ್ನೂ ಸೇರಿಸಿಕೊಳ್ಳುತ್ತಾರೆ. ಅರಿತವರು ಮಕ್ಕಳಿಂದ ಮಕ್ಕಳು ಕೊಡಬಲ್ಲಷ್ಟನ್ನೇ ಬಯಸುತ್ತಾರೆ. ಉಳಿದದ್ದಕ್ಕೆ ಆತ್ಮನನ್ನೇ ಶರಣು ಹೋಗುತ್ತಾರೆ. ಹನ್ನೆರಡು ಭಾವನೆಗಳಲ್ಲಿ ಎರಡನೆಯದಾದ ಅಶರಣ ಭಾವನೆ ಕಲಿಸುವುದು ಇದನ್ನೇ. ಇದರ ನೆಪದಲ್ಲಿ ಮಕ್ಕಳು ತಮ್ಮ ಕರ್ತವ್ಯದಿಂದ ಜಾರಿಕೊಳ್ಳುವಂತಿಲ್ಲ. ಅಶರಣ ಭಾವನೆಯು ಹಾಸಿಗೆಯಲ್ಲಿ ಮಲಗಿದವರು ಮಾಡಬೇಕಾದ ಚಿಂತನೆ. ಪಕ್ಕದಲ್ಲಿ ನಿಂತವರಿಗೆ ಹೇಳಿರುವುದು ವೈಯಾವೃತ್ಯ, ಅಂದರೆ ಸೇವೆ. ಅದು ಆಭ್ಯಂತರ ತಪಸ್ಸುಗಳಲ್ಲಿ ಒಂದು.

ಮುಪ್ಪಿನಲ್ಲಿ ಬಾಯಿಗೆ ಬರುವ ಇನ್ನೊಂದು ಮಾತಿದೆ: ‘ಇನ್ನು ಸಾಕು, ಬೇಗ ಕರೆದುಕೊಳ್ಳಲಿ.’ ಕೇಳಲು ಇದು ವೈರಾಗ್ಯದ ಮಾತಿನಂತಿದೆ. ಆದರೆ ಸಲ್ಲೇಖನೆಯ ಐದು ಅತಿಚಾರಗಳನ್ನು ಹೇಳುವಾಗ ತತ್ತ್ವಾರ್ಥಸೂತ್ರವು ಬದುಕಬೇಕೆಂಬ ಆಸೆಯನ್ನೂ ಸಾಯಬೇಕೆಂಬ ಆಸೆಯನ್ನೂ ದೋಷವೆಂದೇ ಎಣಿಸಿದೆ. ಸಾವನ್ನು ಕರೆಯುವುದು ಹಲವೊಮ್ಮೆ ನೋವಿನ ಭಯದ, ಒಂಟಿತನದ ಇನ್ನೊಂದು ರೂಪ. ಮನೆಯವರು ಆ ಮಾತನ್ನು ಕೇಳಿದಾಗ ಗದರಿಸದೆ, ಪಕ್ಕದಲ್ಲಿ ಕುಳಿತು ಯಾವ ನೋವು ಅದನ್ನು ಆಡಿಸುತ್ತಿದೆ ಎಂದು ಕೇಳಬೇಕು. ಇರುವಷ್ಟು ದಿನ ಸಮಭಾವದಿಂದ ಇರುವುದೇ ಸಾಧನೆ.

ಹೆಡೆಯ ನೆರಳು

ಆವರಗೆರೆಯ ಪಾರ್ಶ್ವನಾಥ ಮಂದಿರಕ್ಕೆ ಹೋದ ಮಗುವಿನ ಕಣ್ಣು ಮೊದಲು ನಿಲ್ಲುವುದು ಸ್ವಾಮಿಯ ಶಿರದ ಮೇಲಿನ ಸರ್ಪದ ಹೆಡೆಗಳ ಮೇಲೆ. ಮನೆಯಲ್ಲಿ ಹಾವೆಂದರೆ ಓಡುವ ಮಗು ಇಲ್ಲಿ ಕೈಮುಗಿಯುತ್ತದೆ. ಈ ಹೆಡೆಯ ಹಿಂದೆ ಒಂದು ಚರಿತೆ ಇದೆ. ವಾರಾಣಸಿಯ ರಾಜಕುಮಾರನಾಗಿದ್ದ ಪಾರ್ಶ್ವ, ತಾಪಸನು ಉರಿಸುತ್ತಿದ್ದ ಕಟ್ಟಿಗೆಯೊಳಗೆ ಜೀವ ಬೇಯುತ್ತಿರುವುದನ್ನು ಅರಿತು ಅದನ್ನು ಸೀಳಿಸಿದ. ಸಾಯುತ್ತಿದ್ದ ಹಾವಿಗೆ ಕೊನೆಗಾಲದಲ್ಲಿ ಮಂತ್ರದ ದನಿ ಕೇಳಿಸಿತು. ಆ ಜೀವವೇ ಧರಣೇಂದ್ರನಾಗಿ ಹುಟ್ಟಿ, ಮುಂದೆ ಧ್ಯಾನಸ್ಥರಾಗಿದ್ದ ಪಾರ್ಶ್ವನಾಥರ ಮೇಲೆ ಕಮಠನ ಜೀವವು ಬಿರುಮಳೆ ಸುರಿಸಿದಾಗ ಹೆಡೆಬಿಚ್ಚಿ ನೆರಳಾಯಿತು. ಲೋಕವೆಲ್ಲ ಹೆದರುವ ಪ್ರಾಣಿಗೆ ಸ್ವಾಮಿ ಕರುಣೆ ತೋರಿದರು; ಅದು ಛತ್ರವಾಗಿ ಹಿಂದಿರುಗಿತು.

ಬಾಲಕ ವರ್ಧಮಾನನ ಕಥೆಯೂ ಇದೇ ದಾರಿಯದು. ಗೆಳೆಯರೊಡನೆ ಆಡುತ್ತಿದ್ದಾಗ ಮರಕ್ಕೆ ಭಯಂಕರ ಸರ್ಪ ಸುತ್ತಿಕೊಂಡಿತು. ಉಳಿದ ಹುಡುಗರು ಓಡಿದರು, ವರ್ಧಮಾನ ಓಡಲಿಲ್ಲ. ಹಾವನ್ನು ಕೊಲ್ಲಲೂ ಇಲ್ಲ. ಹೆದರಿದವನಿಗೆ ಓಡುವುದು, ಹೊಡೆಯುವುದು ಎಂಬ ಎರಡೇ ದಾರಿ ಕಾಣುತ್ತವೆ. ಹೆದರದವನಿಗೆ ಮೂರನೆಯ ದಾರಿ ಕಾಣುತ್ತದೆ. ಅಹಿಂಸೆ ಎಂಬುದು ಆ ಮೂರನೆಯ ದಾರಿ. ಅಭಯವಿಲ್ಲದೆ ಅಹಿಂಸೆ ನಿಲ್ಲದು.

ತಾಯಿಯ ಭಯ, ಹಿಟ್ಟಿನ ಕೋಳಿ

ಭಯವು ಹಿಂಸೆಯಾಗಿ ತಿರುಗುವ ಬಗೆಯನ್ನು ಕನ್ನಡದ ಜೈನ ಕವಿ ಜನ್ನನು 1209ರಲ್ಲಿ ರಚಿಸಿದ ‘ಯಶೋಧರ ಚರಿತೆ’ಯಲ್ಲಿ ಕಾಣಬಹುದು. ದೊರೆ ಯಶೋಧರ ಮಡದಿ ಅಮೃತಮತಿಯ ದ್ರೋಹವನ್ನು ಕಂಡು ಕಂಗೆಟ್ಟು, ನಿಜವನ್ನು ಮರೆಮಾಚಿ, ಕೆಟ್ಟ ಕನಸು ಕಂಡೆನೆಂದು ತಾಯಿಗೆ ಹೇಳಿದ. ಮಗನಿಗೆ ಕೇಡಾದೀತೆಂದು ವೃದ್ಧೆ ಚಂದ್ರಮತಿ ಹೆದರಿದಳು. ಪ್ರಾಣಿಬಲಿ ಕೊಡಿಸಲು ಹಟ ಹಿಡಿದಳು. ಕೊನೆಗೆ ಹಿಟ್ಟಿನ ಕೋಳಿಯನ್ನು ಬಲಿ ಕೊಡುವುದಕ್ಕೆ ಒಪ್ಪಿಗೆಯಾಯಿತು. ಕೋಳಿ ಹಿಟ್ಟಿನದಾದರೂ ಸಂಕಲ್ಪ ಹಿಂಸೆಯದೇ ಆದ್ದರಿಂದ ತಾಯಿಯೂ ಮಗನೂ ಹಲವು ಜನ್ಮಗಳಲ್ಲಿ ಪ್ರಾಣಿಗಳಾಗಿ ತೊಳಲಿದರು.

ಚಂದ್ರಮತಿ ದುಷ್ಟೆಯಲ್ಲ. ಮಗನ ಮೇಲಿನ ಮಮತೆಯೇ ಭಯವಾಯಿತು, ಭಯವೇ ಬಲಿ ಬೇಡಿತು. ಅದೇ ಕಾವ್ಯದಲ್ಲಿ ಆ ಜೀವಗಳು ಕೊನೆಗೆ ಅಭಯರುಚಿ, ಅಭಯಮತಿ ಎಂಬ ಎಳೆಯ ಅಣ್ಣ ತಂಗಿಯರಾಗಿ ಹುಟ್ಟುತ್ತವೆ. ದೊರೆ ಮಾರಿದತ್ತನು ಬಲಿ ಕೊಡಲು ಅವರನ್ನು ಹಿಡಿದು ತರಿಸಿದಾಗ ಅವರು ಅಂಜುವುದಿಲ್ಲ. ತಮ್ಮ ಹಿಂದಿನ ಜನ್ಮಗಳ ಕಥೆ ಹೇಳಿ ಆತನ ಕೈಯ ಕತ್ತಿಯನ್ನೇ ಇಳಿಸುತ್ತಾರೆ. ಹೆದರಿದ ಮುಪ್ಪು ಹಿಂಸೆಗೆ ಕಾರಣವಾಯಿತು. ಹೆದರದ ಬಾಲ್ಯ ಹಿಂಸೆಯನ್ನು ನಿಲ್ಲಿಸಿತು. ಇಬ್ಬರ ಹೆಸರಿನಲ್ಲಿಯೂ ಅಭಯವಿದೆ.

ಇಂದಿನ ಮನೆಗಳಲ್ಲಿ ಹಿಟ್ಟಿನ ಕೋಳಿ ಇಲ್ಲ. ಆದರೆ ಭಯದಿಂದ ಹುಟ್ಟುವ ಸಣ್ಣ ಬಲಿಗಳು ದಿನವೂ ನಡೆಯುತ್ತವೆ. ಹೆಸರು ಕೆಡುತ್ತದೆಂದು ಮಗಳ ಓದನ್ನು ನಿಲ್ಲಿಸುವುದು, ಸೊಸೆ ಕೈಮೀರಿಯಾಳೆಂದು ಕೀಲಿಕೈ ಬಿಡದಿರುವುದು, ಮೊಮ್ಮಗ ಬೀಳುತ್ತಾನೆಂದು ಆಟಕ್ಕೇ ಬಿಡದಿರುವುದು: ಕೊಡುವವರು ಇವನ್ನು ಕಾಳಜಿ ಎನ್ನುತ್ತಾರೆ, ಪಡೆಯುವವರಿಗೆ ಇವು ಪೆಟ್ಟು.

ಹಿರಿಯರು ಕೊಡಬಲ್ಲ ದಾನ

ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ನಾಲ್ಕು ದಾನಗಳನ್ನು ಜೈನ ಗೃಹಸ್ಥಧರ್ಮ ಹೇಳುತ್ತದೆ. ಕನ್ನಡ ನಾಡಿನ ಜೈನ ಶಾಸನಗಳಲ್ಲಿ ದಾನಶೀಲರನ್ನು ಹೊಗಳುವಾಗ ಈ ನಾಲ್ಕನ್ನೂ ಹೆಸರಿಸುವುದು ವಾಡಿಕೆಯಾಗಿತ್ತು. ಇವುಗಳಲ್ಲಿ ಮೂರಕ್ಕೆ ಹಣವೋ ವಿದ್ಯೆಯೋ ಬೇಕು. ಅಭಯದಾನಕ್ಕೆ ಎರಡೂ ಬೇಡ. ದುಡಿಮೆ ನಿಂತು, ಲೆಕ್ಕಪುಸ್ತಕ ಮಗನ ಕೈ ಸೇರಿ, ‘ನನ್ನಿಂದ ಇನ್ನೇನಾದೀತು’ ಎಂದು ಕುಳಿತ ಹಿರಿಯರಿಗೂ ಕೊಡಲು ಉಳಿದಿರುವ ದಾನ ಇದು. ಆವರಗೆರೆಯ ಗೋಶಾಲೆಯಲ್ಲಿ ದನಗಳಿಗೆ ಮೇವು ಹಾಕಲು ಮೊಮ್ಮಗನ ಕೈಹಿಡಿದು ಹೋಗುವ ಅಜ್ಜ ಅಂಥ ದಾನವನ್ನೇ ಮಾಡುತ್ತಾನೆ. ಕಸುವು ಮುಗಿದ ಮೇಲೂ ಜೀವಕ್ಕೆ ಬೆಲೆಯಿದೆ ಎಂಬುದನ್ನು ಹುಡುಗ ಅಲ್ಲಿ ಕಣ್ಣಾರೆ ಕಲಿಯುತ್ತಾನೆ. ಆ ಪಾಠ ನಾಳೆ ಅಜ್ಜನನ್ನೇ ಕಾಯುತ್ತದೆ.

ಮನೆಯಲ್ಲಿ ಮಾಡಬಹುದಾದ ಅಭಯದಾನ ಇನ್ನೂ ಸರಳ. ಉಣ್ಣದ ಮಗುವಿಗೆ ಗುಮ್ಮನ ಹೆಸರು ಹೇಳದಿರುವುದು. ಹೆದರಿ ಎದ್ದ ಮಗುವನ್ನು ಕರೆದು, ದೀಪ ಹಚ್ಚಿ, ಮೂಲೆಯಲ್ಲಿ ಏನಿದೆ ಎಂದು ಜೊತೆಯಲ್ಲೇ ಹೋಗಿ ತೋರಿಸುವುದು. ಮಗ ನಷ್ಟದ ಸುದ್ದಿ ತಂದಾಗ ‘ನಾನು ಅಂದೇ ಹೇಳಿದ್ದೆ’ ಎನ್ನದೆ ಊಟ ಮಾಡೆನ್ನುವುದು. ಸೊಸೆಗೆ ತಪ್ಪು ಮಾಡುವ ಸ್ವಾತಂತ್ರ್ಯ ಕೊಡುವುದು. ದಿನಕ್ಕೊಮ್ಮೆ 48 ನಿಮಿಷಗಳ ಸಾಮಾಯಿಕದಲ್ಲಿ ಕುಳಿತು, ಆ ಹೊತ್ತಿನಲ್ಲಿ ತನ್ನಿಂದ ಯಾವ ಜೀವಿಗೂ ಭಯವಿಲ್ಲವೆಂದು ಸಂಕಲ್ಪಿಸುವುದು. ಮೊಣಕಾಲು ಮಡಚಲಾಗದವರು ಕುರ್ಚಿಯಲ್ಲಿ ಕುಳಿತೂ ಸಮಭಾವವನ್ನು ಅಭ್ಯಾಸ ಮಾಡಬಹುದು.

ಕಿರಿಯರ ಪಾಲಿಗೂ ಒಂದು ಅಭಯದಾನವಿದೆ. ಬಾಲ್ಯದಲ್ಲಿ ಕತ್ತಲೆಗೆ ಹೆದರಿದಾಗ ‘ನಾನಿದ್ದೇನೆ’ ಎಂದ ದನಿಗೆ ಈಗ ಅದೇ ಮಾತನ್ನು ಮರಳಿ ಹೇಳುವುದು. ಒಂದೇ ಸಂಗತಿಯನ್ನು ಮೂರು ಸಲ ಕೇಳಿದರೂ ಮೂರನೆಯ ಸಲವೂ ಮೊದಲ ಸಲದ ದನಿಯಲ್ಲೇ ಉತ್ತರಿಸುವುದು. ಚಿಲಕ ಹಾಕಿದೆಯಾ ಎಂದು ಅಮ್ಮ ಕೇಳಿದರೆ, ಎದ್ದು ಹೋಗಿ ನೋಡಿ ಬಂದು ಹಾಕಿದೆ ಎನ್ನುವುದು. ಕೆಲಸ ಚಿಕ್ಕದು, ಅಗುಪ್ತಿ ಭಯದಿಂದ ಬಳಲುವ ಜೀವಕ್ಕೆ ಅದರಿಂದ ಒಂದು ರಾತ್ರಿಯ ನಿದ್ದೆ ದೊರೆಯುತ್ತದೆ.

ಅರಿಹಂತರನ್ನು ಅಭಯದಾತರೆಂದು ಸ್ತುತಿಸುವ ಪರಂಪರೆ ಜೈನರದು. ಸ್ತುತಿಸಿದ ಗುಣವನ್ನು ಅಳವಡಿಸಿಕೊಂಡಾಗ ಪೂಜೆ ಪೂರ್ಣವಾಗುತ್ತದೆ. ತನ್ನ ಭಯವನ್ನು ಇನ್ನೊಬ್ಬರಿಗೆ ದಾಟಿಸುವುದು ಸಂಸಾರದ ಹಳೆಯ ರೂಢಿ. ಅದನ್ನು ತನ್ನಲ್ಲೇ ತಡೆದು, ಅರಿವಿನಿಂದ ಕರಗಿಸಿ, ಮುಂದಿನವರಿಗೆ ಅಭಯವನ್ನು ಉಳಿಸಿಹೋಗುವುದು ಶ್ರಾವಕನ ಮುಪ್ಪಿಗೆ ಒಪ್ಪುವ ಸಾಧನೆ. ಮನೆಯ ಹಿರಿಯರು ಅಂಜದೆ ಬಾಳಿದ್ದನ್ನು ಕಂಡ ಮಗುವಿಗೆ ಮುಪ್ಪೆಂಬುದು ಗುಮ್ಮನಾಗಿ ಕಾಣುವುದಿಲ್ಲ.